ಅಪರಾಧ ದೊಡ್ಡದಾದರೆ ಹುಡುಗ ದೊಡ್ಡವನಾಗುವುದಿಲ್ಲ

"ಅಂಥ ಕೆಲಸ ಮಾಡುವಷ್ಟು ವಯಸ್ಸಾಗಿದೆ ಅಂದಮೇಲೆ ಶಿಕ್ಷೆ ಅನುಭವಿಸುವಷ್ಟೂ ವಯಸ್ಸಾಗಿದೆ." 2012ರ ಡಿಸೆಂಬರ್ 16ರ ದೆಹಲಿಯ ಅತ್ಯಾಚಾರದ ನಂತರ ಈ ಮಾತು ಟಿ.ವಿ. ಚರ್ಚೆಗಳಿಂದ ಹಳ್ಳಿಯ ಕಟ್ಟೆಯವರೆಗೆ ಎಲ್ಲ ಕಡೆ ಓಡಾಡಿತು. ಈಗಲೂ ಹದಿನಾರು, ಹದಿನೇಳರ ಹುಡುಗನೊಬ್ಬ ಕೊಲೆ ಅಥವಾ ಅತ್ಯಾಚಾರದ ಪ್ರಕರಣದಲ್ಲಿ ಸಿಕ್ಕಿಬಿದ್ದ ಸುದ್ದಿ ಬಂದ ದಿನ ಅದೇ ಮಾತು ಮತ್ತೆ ಏಳುತ್ತದೆ. ಓದಿದವರು, ಓದದವರು, ಎಡದವರು, ಬಲದವರು ಎಲ್ಲರೂ ಒಪ್ಪುವ ಮಾತು ಇದು. ನನಗೆ ಒಪ್ಪಿಗೆಯಿಲ್ಲ. ಈ ಮಾತನ್ನೇ ಕಾನೂನಾಗಿಸಿದ 2015ರ ಬಾಲ ನ್ಯಾಯ ಕಾಯ್ದೆಯ 15ನೇ ಸೆಕ್ಷನ್ ತಪ್ಪು ಪ್ರಶ್ನೆಯನ್ನು ತಪ್ಪು ಹೊತ್ತಿನಲ್ಲಿ ಕೇಳುತ್ತದೆ ಎಂಬುದು ನನ್ನ ವಾದ.

ಕಾನೂನು ಹುಟ್ಟಿದ ಬಗೆಯನ್ನು ಮೊದಲು ನೆನೆಯೋಣ. ದೆಹಲಿಯ ಆರು ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಲು ಕೆಲವು ತಿಂಗಳಿತ್ತು. 2013ರ ಆಗಸ್ಟ್ 31ರಂದು ಬಾಲ ನ್ಯಾಯ ಮಂಡಳಿ ಅವನಿಗೆ ಆಗಿನ ಕಾಯ್ದೆಯಲ್ಲಿದ್ದ ಗರಿಷ್ಠ ಅವಧಿಯನ್ನು, ಅಂದರೆ ವಿಶೇಷ ಗೃಹದಲ್ಲಿ ಮೂರು ವರ್ಷ, ವಿಧಿಸಿತು. 2015ರ ಡಿಸೆಂಬರ್ 20ರಂದು ಅವನು ಹೊರಬಂದ. ಎರಡೇ ದಿನಕ್ಕೆ ರಾಜ್ಯಸಭೆ ಹೊಸ ಮಸೂದೆಯನ್ನು ಅಂಗೀಕರಿಸಿತು. 2016ರ ಜನವರಿ 15ರಿಂದ ಕಾಯ್ದೆ ಜಾರಿಗೆ ಬಂತು. ಆ ಹುಡುಗನಿಗೆ ಅದು ಅನ್ವಯಿಸುವಂತೆಯೇ ಇರಲಿಲ್ಲ. ನಡೆದುಹೋದ ಅಪರಾಧಕ್ಕೆ ಆಮೇಲೆ ಬಂದ ಕಾನೂನಿನಡಿ ಹೆಚ್ಚಿನ ಶಿಕ್ಷೆ ಕೊಡುವುದನ್ನು ಸಂವಿಧಾನವೇ ತಡೆಯುತ್ತದೆ. ಮಗಳನ್ನು ಕಳೆದುಕೊಂಡ ತಾಯಿಯ ಸಿಟ್ಟನ್ನು ಪ್ರಶ್ನಿಸುವ ಹಕ್ಕು ನನಗೂ ಇಲ್ಲ, ಇನ್ನಾರಿಗೂ ಇಲ್ಲ. ಆದರೆ ಶಾಸನ ಬರೆಯುವವರಿಗೆ ಆ ಸಿಟ್ಟಿನ ಜೊತೆಗೆ ಬೇರೆ ಹೊಣೆಯೂ ಇತ್ತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ದೆಹಲಿಯ ಘಟನೆಯ ಬೆನ್ನಿಗೇ, ದೇಶವಿಡೀ ಕುದಿಯುತ್ತಿದ್ದ 2013ರ ಜನವರಿಯಲ್ಲೇ, ವಯೋಮಿತಿ ಇಳಿಸುವುದು ಬೇಡ ಎಂದು ಬರೆದುಕೊಟ್ಟಿತ್ತು. ಅದೇ ವರ್ಷ ಸುಪ್ರೀಂ ಕೋರ್ಟ್ ಸಲಿಲ್ ಬಾಲಿ ಪ್ರಕರಣದಲ್ಲಿ ಹಾಗೆ ಇಳಿಸಲು ಒಪ್ಪಲಿಲ್ಲ. ಮಸೂದೆಯನ್ನು ಪರಿಶೀಲಿಸಿದ ಸಂಸದೀಯ ಸ್ಥಾಯಿ ಸಮಿತಿಯೂ 2015ರ ಫೆಬ್ರುವರಿಯಲ್ಲಿ ಬೇಡವೆಂದಿತು. ಮೂರೂ ಕಡೆಯ ವಿವೇಕವನ್ನು ಬದಿಗಿಟ್ಟು ಕಾನೂನು ಬಂತು.

ಈ ಕಾನೂನು ಹೇಳುವುದಿಷ್ಟು: ಕನಿಷ್ಠ ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳು ಘೋರ ಅಪರಾಧಗಳು. ಹದಿನಾರು ತುಂಬಿದವನ ಮೇಲೆ ಅಂಥ ಆರೋಪ ಬಂದರೆ ಬಾಲ ನ್ಯಾಯ ಮಂಡಳಿ ಮೂರು ತಿಂಗಳೊಳಗೆ 'ಪ್ರಾಥಮಿಕ ಮೌಲ್ಯಮಾಪನ' ನಡೆಸಬೇಕು. ಅಪರಾಧ ಎಸಗುವ ಮಾನಸಿಕ, ದೈಹಿಕ ಸಾಮರ್ಥ್ಯ ಅವನಿಗಿತ್ತೇ, ಪರಿಣಾಮವನ್ನು ಅರಿಯುವ ಶಕ್ತಿ ಇತ್ತೇ, ಯಾವ ಸಂದರ್ಭದಲ್ಲಿ ಎಸಗಿದನೆಂದು ಹೇಳಲಾಗಿದೆ — ಇಷ್ಟನ್ನು ನೋಡಿ, ವಯಸ್ಕನಂತೆ ವಿಚಾರಣೆ ಆಗಬೇಕೆಂದರೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು.

ಮೇಲ್ನೋಟಕ್ಕೆ ಎಚ್ಚರಿಕೆಯ ವ್ಯವಸ್ಥೆಯಂತೆ ಕಾಣುತ್ತದೆ. ಒಳಗಿಳಿದು ನೋಡಿದರೆ ದಿಗಿಲಾಗುತ್ತದೆ. ಮೌಲ್ಯಮಾಪನ ನಡೆಯುವುದು ವಿಚಾರಣೆಗೆ ಮೊದಲು. ಹುಡುಗ ತಪ್ಪು ಮಾಡಿದ್ದಾನೆಂದು ಆಗ ಯಾರೂ ಸಾಬೀತು ಮಾಡಿರುವುದಿಲ್ಲ. "ನಾನು ಮಾಡಿಲ್ಲ" ಎನ್ನುವ ಹುಡುಗನ ಎದುರು ಕೂತ ಮನಶ್ಶಾಸ್ತ್ರಜ್ಞರು ಏನನ್ನು ಅಳೆಯಬೇಕು? ಅವನು ಮಾಡಿಲ್ಲದ ಕೃತ್ಯದ ಪರಿಣಾಮ ಅವನಿಗೆ ಗೊತ್ತಿತ್ತೇ ಎಂದೇ? ಯಾವ ಸಂದರ್ಭದಲ್ಲಿ ನಡೆಯಿತು ಎಂದು ಕೇಳಿದರೆ ನಿರಪರಾಧಿ ಏನು ಹೇಳಿಯಾನು? ಮನಬಿಚ್ಚಿ ಮಾತಾಡಿದವನ ಮಾತು ವರದಿಯಾಗಿ ಮಂಡಳಿಯ ಮುಂದೆ ಹೋಗುತ್ತದೆ. ಮಾತೇ ಆಡದವನನ್ನು ಹಟಮಾರಿ ಎಂದುಕೊಳ್ಳುವ ಅಪಾಯವಿದೆ. ಇನ್ನು ದೈಹಿಕ ಸಾಮರ್ಥ್ಯದ ಪ್ರಶ್ನೆ: ಹದಿನಾರು ದಾಟಿದ ಆರೋಗ್ಯವಂತ ಹುಡುಗರಲ್ಲಿ ಅದು ಇಲ್ಲದವರು ಯಾರು? "ಕೊಂದರೆ ಸಾಯುತ್ತಾರೆ, ಪೊಲೀಸರು ಹಿಡಿಯುತ್ತಾರೆ" ಎಂಬುದು ಹತ್ತು ವರ್ಷದ ಮಗುವಿಗೂ ಗೊತ್ತು. ಹದಿಹರೆಯದ ತೊಡಕು ತಿಳಿವಳಿಕೆಯಲ್ಲಿಲ್ಲ. ತಿಳಿದದ್ದನ್ನು ಆವೇಶದ ಗಳಿಗೆಯಲ್ಲಿ, ಗೆಳೆಯರ ಮುಂದೆ, ಬಳಸಿಕೊಳ್ಳಲು ಬೇಕಾದ ಹಿಡಿತ ಇನ್ನೂ ಬಲಿತಿರುವುದಿಲ್ಲ. ತಿಂಗಳುಗಳಾದ ಮೇಲೆ, ವೀಕ್ಷಣಾಲಯದ ಶಾಂತ ಕೋಣೆಯೊಂದರಲ್ಲಿ ಪ್ರಶ್ನೆಗಳನ್ನು ಕೇಳಿ ಆ ಗಳಿಗೆಯ ಮನಸ್ಸನ್ನು ಹಿಂದಕ್ಕೆ ಹೋಗಿ ಅಳೆಯುವ ಮಾಪನ ಯಾರ ಬಳಿಯೂ ಇಲ್ಲ.

ಇದು ನನ್ನೊಬ್ಬನ ಶಂಕೆಯಲ್ಲ. 2017ರಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಏಳು ವರ್ಷದ ಬಾಲಕನ ಕೊಲೆಯಾದಾಗ ಪೊಲೀಸರು ಮೊದಲು ಹಿಡಿದದ್ದು ಶಾಲಾ ಬಸ್ಸಿನ ಕಂಡಕ್ಟರನನ್ನು. ತನಿಖೆ ಸಿಬಿಐ ಕೈಗೆ ಹೋದ ಮೇಲೆ ಅದೇ ಶಾಲೆಯ ಹನ್ನೊಂದನೇ ತರಗತಿಯ ವಿದ್ಯಾರ್ಥಿಯ ಬಂಧನವಾಯಿತು. ಅವನ ಮೌಲ್ಯಮಾಪನದ ವಿವಾದ ಸುಪ್ರೀಂ ಕೋರ್ಟಿನವರೆಗೆ ಏರಿ, 2022ರ ಜುಲೈನಲ್ಲಿ ತೀರ್ಪು ಬಂತು. ಇದು ತುಂಬ ನಾಜೂಕಿನ ಕೆಲಸ, ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲ ಸದಸ್ಯರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು, ಇದಕ್ಕೆ ಮಾರ್ಗಸೂಚಿ ಬೇಕು ಎಂದು ನ್ಯಾಯಾಲಯ ಹೇಳಿತು. ಕಾಯ್ದೆ ಜಾರಿಯಾಗಿ ಆರು ವರ್ಷ ಕಳೆದ ಮೇಲೆ, ಅಷ್ಟು ಹೊತ್ತಿಗೆ ಎಷ್ಟೋ ಹುಡುಗರ ಹಣೆಬರಹ ನಿರ್ಧಾರವಾಗಿ ಹೋದ ಮೇಲೆ, ಅಳೆಯುವುದು ಹೇಗೆಂಬ ಚರ್ಚೆ ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದವರು ಈ ಕೆಲಸಕ್ಕೆ ವರದಿಯ ನಮೂನೆ ಸಿದ್ಧಪಡಿಸಿ, ತರಬೇತಿಯನ್ನೂ ಕೊಡುತ್ತ ಬಂದಿದ್ದಾರೆ; ಅವರ ಶ್ರಮ ದೊಡ್ಡದು. ಆದರೆ ಪ್ರಶ್ನೆಯೇ ತಪ್ಪಾಗಿರುವಾಗ ನಮೂನೆ ಎಷ್ಟು ಚೆನ್ನಾಗಿದ್ದರೂ ಉತ್ತರ ಸರಿಹೋಗುವುದಿಲ್ಲ.

ಈ ಬಲೆಗೆ ಬೀಳುವವರೆಲ್ಲ ದೆಹಲಿಯ ಬಸ್ಸಿನಲ್ಲಿದ್ದಂಥವರೇ ಎಂದು ನಾವು ಭಾವಿಸಿದ್ದೇವೆ. ಹಾಗಿಲ್ಲ. 2012ರ ನವೆಂಬರ್‌ನಲ್ಲಿ ಪೋಕ್ಸೊ ಕಾಯ್ದೆ ಬಂದು ಸಮ್ಮತಿಯ ವಯಸ್ಸು ಹದಿನಾರರಿಂದ ಹದಿನೆಂಟಕ್ಕೆ ಏರಿತು. 2019ರ ತಿದ್ದುಪಡಿಯ ನಂತರ ಅದರಡಿ ಲೈಂಗಿಕ ಸಂಪರ್ಕಕ್ಕೆ ಕನಿಷ್ಠ ಶಿಕ್ಷೆ ಹತ್ತು ವರ್ಷ, ಕೆಲವು ಸಂದರ್ಭಗಳಲ್ಲಿ ಇಪ್ಪತ್ತು. ಈಗ ಎರಡೂ ಕಾಯ್ದೆಗಳನ್ನು ಜೋಡಿಸಿ ನೋಡಿ. ಹದಿನೇಳರ ಹುಡುಗ, ಹದಿನಾರರ ಹುಡುಗಿ ಇಷ್ಟಪಟ್ಟು ಊರು ಬಿಡುತ್ತಾರೆ. ಹುಡುಗಿಯ ಮನೆಯವರು, ಹಲವು ಸಲ ಜಾತಿಯ ಕಾರಣಕ್ಕೇ, ದೂರು ಕೊಡುತ್ತಾರೆ. ಹುಡುಗ 'ಘೋರ ಅಪರಾಧ'ದ ಆರೋಪಿ. ವಯಸ್ಕನಂತೆ ವಿಚಾರಣೆಗೆ ಅರ್ಹ. ಇಂಥ ಪ್ರಕರಣಗಳನ್ನು ಕಂಡು ಕಂಡು ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ, ಹದಿನಾರು ದಾಟಿದವರ ಪ್ರೇಮ, ಓಡಿಹೋಗುವಿಕೆಯ ವಾಸ್ತವವನ್ನು ಗಮನಿಸಿ ವಯಸ್ಸಿನ ಮಿತಿಯನ್ನು ಮರುಪರಿಶೀಲಿಸಬೇಕೆಂದು ಕಾನೂನು ಆಯೋಗಕ್ಕೆ ತಿಳಿಸಿತು. 2023ರ ವರದಿಯಲ್ಲಿ ಆಯೋಗ ವಯಸ್ಸು ಇಳಿಸಲು ಒಪ್ಪಲಿಲ್ಲ. ಹದಿನಾರರಿಂದ ಹದಿನೆಂಟರ ನಡುವಿನವರ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ಶಿಕ್ಷೆಯ ವಿಷಯದಲ್ಲಿ ವಿವೇಚನೆ ಇರಲಿ ಎಂದಿತು. ಗಮನಿಸಬೇಕಾದ ಸಂಗತಿ ಇದು: ಪೋಕ್ಸೊ ಮುಂದೆ ಹದಿನೇಳರ ಹುಡುಗಿ ಸಮ್ಮತಿ ಕೊಡಲಾಗದಷ್ಟು ಚಿಕ್ಕವಳು, ಬಾಲ ನ್ಯಾಯ ಕಾಯ್ದೆಯ ಮುಂದೆ ಅವಳ ಜೊತೆಗಿದ್ದ ಹದಿನೇಳರ ಹುಡುಗ ವಯಸ್ಕನಾಗುವಷ್ಟು ದೊಡ್ಡವನು. ಒಂದೇ ದೇಶದ ಶಾಸನಪುಸ್ತಕ ಒಂದೇ ವಯಸ್ಸಿನ ಇಬ್ಬರ ಬಗ್ಗೆ ಹೀಗೆ ಎರಡು ನಾಲಗೆಯಲ್ಲಿ ಮಾತಾಡುತ್ತದೆ.

"ಹಿಂದೆ ಹುಡುಗರಿಗೆ ಮಿತಿ ಹದಿನಾರೇ ಇತ್ತಲ್ಲ, ಅಲ್ಲಿಗೇ ಮರಳಿದ್ದೇವೆ" ಎನ್ನುವವರಿದ್ದಾರೆ. 1986ರ ಕಾಯ್ದೆಯಲ್ಲಿ ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ಇದ್ದದ್ದು ನಿಜ. 2000ದ ಕಾಯ್ದೆ ಇಬ್ಬರಿಗೂ ಹದಿನೆಂಟು ಮಾಡಿತು. ಆದರೆ ಅದಕ್ಕೂ ಹಿಂದಿನ ಕಥೆಯನ್ನು ಮರೆಯುತ್ತೇವೆ. ಈ ದೇಶದಲ್ಲಿ ಮಕ್ಕಳ ಕಾನೂನು ಪ್ರಾಂತ್ಯಗಳಿಂದ ಶುರುವಾಯಿತು: ಮದ್ರಾಸು 1920ರಲ್ಲಿ, ಬಂಗಾಳ 1922ರಲ್ಲಿ, ಮುಂಬಯಿ 1924ರಲ್ಲಿ ತಮ್ಮ ತಮ್ಮ ಮಕ್ಕಳ ಕಾಯ್ದೆ ಮಾಡಿಕೊಂಡವು. ಇಂದಿನ ಕರ್ನಾಟಕದ ಮಂಗಳೂರು, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು, ಧಾರವಾಡ, ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿ. ಏಕೀಕರಣದ ನಂತರ ನಮ್ಮ ರಾಜ್ಯ 1964ರಲ್ಲಿ ತನ್ನದೇ ಮಕ್ಕಳ ಕಾಯ್ದೆ ತಂದಿತು. ಅದಕ್ಕೆ ಒಂದು ವರ್ಷ ಮೊದಲು, 1963ರಲ್ಲಿ, ಬೋರ್ಸ್ಟಲ್ ಶಾಲೆಗಳ ಕಾಯ್ದೆ ಬಂದಿತ್ತು. ಬಾಲ್ಯ ದಾಟಿಯೂ ಪೂರ್ಣ ವಯಸ್ಕರಾಗದ ತರುಣ ಅಪರಾಧಿಗಳನ್ನು ಪಳಗಿದ ಕೈದಿಗಳ ನಡುವೆ ಹಾಕಬಾರದೆಂಬುದೇ ಬೋರ್ಸ್ಟಲ್‌ನ ಮೂಲ ವಿಚಾರ. ಮುಂಬಯಿ ಪ್ರಾಂತ್ಯದ ಬೋರ್ಸ್ಟಲ್ ಶಾಲೆ ಧಾರವಾಡದಲ್ಲೇ ಇತ್ತು. ಅಲ್ಲಿನ ಶಿಸ್ತು ಕಠಿಣವಾಗಿತ್ತು, ಅಲ್ಲಿಗೆ ಹೋಗಬೇಕಾದವರೆಲ್ಲ ಹೋಗುತ್ತಲೂ ಇರಲಿಲ್ಲ. ಆದರೂ ಹದಿನಾರರ ಗಡಿಯಾಚೆ ನೇರವಾಗಿ ಜೈಲಿನ ಬಾಗಿಲೇ ಇರಬೇಕೆಂದು ಪರಕೀಯ ಸರಕಾರ ಕೂಡ ನಂಬಿರಲಿಲ್ಲ.

ಅಮೆರಿಕದ ರಾಜ್ಯಗಳ ಅನುಭವ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅವು ಈ ದಾರಿಯನ್ನು ನಮಗಿಂತ ಇಪ್ಪತ್ತು ವರ್ಷ ಮೊದಲೇ ತುಳಿದವು. 1990ರ ದಶಕದಲ್ಲಿ ಅಲ್ಲಿನ ಹೆಚ್ಚುಕಡಿಮೆ ಎಲ್ಲ ರಾಜ್ಯಗಳೂ ಹದಿಹರೆಯದವರನ್ನು ವಯಸ್ಕರ ನ್ಯಾಯಾಲಯಕ್ಕೆ ಕಳಿಸುವುದನ್ನು ಸುಲಭ ಮಾಡಿದವು. ಕರುಣೆಯಿಲ್ಲದ ಬಾಲಾಪರಾಧಿಗಳ ಹೊಸ ಪೀಳಿಗೆಯೇ ಬರಲಿದೆ ಎಂದು ಪ್ರಾಧ್ಯಾಪಕರು ಭವಿಷ್ಯ ನುಡಿದಿದ್ದರು. ಬರಲಿಲ್ಲ, ಬಾಲಾಪರಾಧ ಇಳಿಯಿತು. 2007ರಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ತಜ್ಞರ ಕಾರ್ಯಪಡೆ ಲಭ್ಯ ಅಧ್ಯಯನಗಳನ್ನು ತೂಗಿ ನೋಡಿದಾಗ, ವಯಸ್ಕರ ವ್ಯವಸ್ಥೆಗೆ ಹೋದ ಹುಡುಗರು ಬಾಲ ನ್ಯಾಯ ವ್ಯವಸ್ಥೆಯಲ್ಲೇ ಉಳಿದವರಿಗಿಂತ ಮತ್ತೆ ಬಂಧನಕ್ಕೊಳಗಾಗುವ ಪ್ರಮಾಣ ಸುಮಾರು ಶೇ 34ರಷ್ಟು ಹೆಚ್ಚೆಂದು ಕಂಡುಬಂತು. ಅಂದರೆ ಸಮಾಜದ ಸುರಕ್ಷತೆಗಾಗಿ ಮಾಡಿದ ಕಾನೂನು ಸಮಾಜವನ್ನು ಇನ್ನಷ್ಟು ಅಪಾಯಕ್ಕೆ ಒಡ್ಡಿತು. ಆಮೇಲೆ ಕನೆಕ್ಟಿಕಟ್, ನ್ಯೂಯಾರ್ಕ್ ಮುಂತಾದ ರಾಜ್ಯಗಳು ವಯಸ್ಸನ್ನು ಹದಿನೆಂಟಕ್ಕೆ ಏರಿಸಿದವು. ಲೂಯಿಸಿಯಾನ ಏರಿಸಿ, 2024ರಲ್ಲಿ ಹದಿನೇಳರವರನ್ನು ಮತ್ತೆ ವಯಸ್ಕರ ಸಾಲಿಗೆ ತಳ್ಳಿತು. ಅಲ್ಲಿಗೂ ನಿಲ್ಲದೆ, ಇನ್ನಷ್ಟು ಅಪರಾಧಗಳಿಗೆ ಇದೇ ದಾರಿ ತೆರೆಯುವ ಸಂವಿಧಾನ ತಿದ್ದುಪಡಿಯನ್ನು 2025ರ ಮಾರ್ಚ್‌ನಲ್ಲಿ ಜನರ ಮತಕ್ಕಿಟ್ಟಾಗ ಜನ ದೊಡ್ಡ ಅಂತರದಿಂದ ತಿರಸ್ಕರಿಸಿದರು. ಜನ ಯಾವಾಗಲೂ ಕಠಿಣ ಶಿಕ್ಷೆಯನ್ನೇ ಕೇಳುತ್ತಾರೆ ಎಂಬುದು ರಾಜಕಾರಣಿಗಳ ಊಹೆ.

ಪುಣೆಯ ಕಾರು ಅಪಘಾತವನ್ನು ಮುಂದಿಡುವವರಿಗೂ ಉತ್ತರ ಕೊಡಬೇಕು. 2024ರ ಮೇ ತಿಂಗಳಲ್ಲಿ ಹದಿನೇಳರ ಹುಡುಗ ಓಡಿಸುತ್ತಿದ್ದನೆನ್ನಲಾದ ದುಬಾರಿ ಕಾರು ಇಬ್ಬರು ಯುವ ಎಂಜಿನಿಯರುಗಳನ್ನು ಬಲಿ ತೆಗೆದುಕೊಂಡಿತು. ಮುನ್ನೂರು ಪದಗಳ ಪ್ರಬಂಧ ಬರೆಯುವ ಷರತ್ತಿನೊಂದಿಗೆ ಜಾಮೀನು ಸಿಕ್ಕಾಗ ದೇಶ ಸಿಟ್ಟಾದದ್ದು ಸಹಜ. ನನಗೂ ಸಿಟ್ಟು ಬಂದಿತ್ತು. ಆದರೆ ಜಾಮೀನು ತೀರ್ಪಲ್ಲ. ಆ ಪ್ರಕರಣದಲ್ಲಿ ಅತ್ಯಂತ ಹೇಸಿಗೆ ಹುಟ್ಟಿಸುವ ಆರೋಪಗಳಿರುವುದು ದೊಡ್ಡವರ ಮೇಲೆ: ನೋಂದಣಿಯಾಗದ ಕಾರು ಕೊಟ್ಟವರು, ಅಪ್ರಾಪ್ತರಿಗೆ ಮದ್ಯ ಕೊಟ್ಟವರು, ಆಸ್ಪತ್ರೆಯಲ್ಲಿ ರಕ್ತದ ಮಾದರಿ ಬದಲಿಸಿದವರು. ಅವರನ್ನು ಶಿಕ್ಷಿಸಲು ಹುಡುಗನ ವಯಸ್ಸನ್ನು ತಿದ್ದಬೇಕಾಗಿಲ್ಲ. ಅದೂ ಅಲ್ಲದೆ, ಕಠಿಣ ಕಾನೂನಿನಿಂದ ಹಣವಂತರು ಸಿಕ್ಕಿಬೀಳುತ್ತಾರೆಂಬ ನಂಬಿಕೆಗೆ ನಮ್ಮ ಜೈಲುಗಳಲ್ಲಿ ವಿಚಾರಣೆಗೆ ಕಾದಿರುವ ಬಡವರ ಸಾಲೇ ಉತ್ತರ.

"ಮೂರು ವರ್ಷ ಏನು ಶಿಕ್ಷೆ?" ಎನ್ನುವ ಪ್ರಶ್ನೆ ಉಳಿಯುತ್ತದೆ. ಹೊಸ ಕಾಯ್ದೆಯಡಿ ವಯಸ್ಕನಂತೆ ಶಿಕ್ಷೆಯಾದರೂ ಗಲ್ಲಿಲ್ಲ, ಬಿಡುಗಡೆಯ ಅವಕಾಶವೇ ಇಲ್ಲದ ಜೀವಾವಧಿಯೂ ಇಲ್ಲ. ಎಂದರೆ ಇಂದಲ್ಲ ನಾಳೆ ಅವನು ಹೊರಗೆ ಬಂದೇ ಬರುತ್ತಾನೆ. ಇಪ್ಪತ್ತರಲ್ಲಿ ಬರುವವನ ಬದಲು ಮೂವತ್ತರಲ್ಲಿ, ಜೈಲಿನ ಗೆಳೆತನ ಗಳಿಸಿಕೊಂಡು, ಉಳಿದ ಮಕ್ಕಳಿಗಿರುವಂತೆ ದಾಖಲೆ ಅಳಿಸುವ ರಕ್ಷಣೆಯೂ ಇಲ್ಲದೆ, ಕೆಲಸ ಕೊಡುವವರಿಲ್ಲದೆ ಬರುತ್ತಾನೆ. ಇನ್ನು ಪ್ರಮಾಣದ ಮಾತು: 2022ರಲ್ಲಿ ಇಡೀ ದೇಶದಲ್ಲಿ ಬಾಲಾಪರಾಧದ ಪ್ರಕರಣಗಳು 30,555, ಅದೇ ವರ್ಷ ಭಾರತೀಯ ದಂಡ ಸಂಹಿತೆಯಡಿಯ ಪ್ರಕರಣಗಳು 35 ಲಕ್ಷಕ್ಕೂ ಹೆಚ್ಚು. ಇಷ್ಟು ಕಡಿಮೆ ಮಕ್ಕಳಿಗೆ ಒಬ್ಬೊಬ್ಬರಿಗೂ ಗಮನ ಕೊಡುವುದು ಈ ದೇಶಕ್ಕೆ ಆಗದ ಕೆಲಸವೇನಲ್ಲ.

ಮೂರು ವರ್ಷ ಸಾಲದೆಂದರೆ ಆ ಚರ್ಚೆಗೆ ನಾನು ಸಿದ್ಧ. ಜರ್ಮನಿಯಲ್ಲಿ ಬಾಲಾಪರಾಧಿಗಳಿಗೆ ಹತ್ತು ವರ್ಷದವರೆಗೆ ಶಿಕ್ಷೆಯಿದೆ, ಅದೂ ಅವರಿಗೆಂದೇ ಇರುವ ಪ್ರತ್ಯೇಕ ವ್ಯವಸ್ಥೆಯೊಳಗೆ. ಹದಿನೆಂಟರಿಂದ ಇಪ್ಪತ್ತೊಂದರವರನ್ನೂ ಅಲ್ಲಿಯ ನ್ಯಾಯಾಲಯಗಳು ಆ ವ್ಯವಸ್ಥೆಗೆ ಸೇರಿಸಬಲ್ಲವು. ನಮ್ಮ ಕಾಯ್ದೆಯ 20ನೇ ಸೆಕ್ಷನ್‌ನಲ್ಲೂ ಇದರ ಬೀಜವಿದೆ. ವಯಸ್ಕನಂತೆ ಶಿಕ್ಷೆಗೊಳಗಾದವನು ಇಪ್ಪತ್ತೊಂದು ತುಂಬುವವರೆಗೆ ಸುರಕ್ಷಿತ ಸ್ಥಳದಲ್ಲಿರುತ್ತಾನೆ. ಆಗ ಮಕ್ಕಳ ನ್ಯಾಯಾಲಯ ಅವನು ಸುಧಾರಿಸಿದ್ದಾನೆಯೇ ಎಂದು ನೋಡಿ, ಬಿಡುಗಡೆ ಮಾಡಬಹುದು ಅಥವಾ ಜೈಲಿಗೆ ಕಳಿಸಬಹುದು. ವರ್ಷಗಟ್ಟಲೆ ಅವನನ್ನು ಹತ್ತಿರದಿಂದ ಕಂಡ ಪರಿವೀಕ್ಷಣಾಧಿಕಾರಿ, ಶಿಕ್ಷಕ, ಸಮಾಲೋಚಕರ ವರದಿಗಳನ್ನಿಟ್ಟುಕೊಂಡು ಕೇಳಬಹುದಾದ ಪ್ರಶ್ನೆ ಅದು. ಅದನ್ನು ಉಳಿಸಿಕೊಂಡು 15ನೇ ಸೆಕ್ಷನ್ ಕೈಬಿಡಲಿ. ಪ್ರತಿ ಜಿಲ್ಲೆಯಲ್ಲೂ ಆ ವರದಿ ಬರೆಯಬಲ್ಲ ಪರಿವೀಕ್ಷಣಾಧಿಕಾರಿಗಳನ್ನು ರಾಜ್ಯ ಸರಕಾರ ನೇಮಿಸಲಿ, ಹತ್ತಿರದ ವಯಸ್ಸಿನವರ ಸಮ್ಮತಿಯ ಸಂಬಂಧಗಳನ್ನು ಸಂಸತ್ತು ಪೋಕ್ಸೊದಿಂದ ಹೊರಗಿಡಲಿ.