ಹಲ್ಲಿನ ಶಿಬಿರ ಕೇಳದ ಪ್ರಶ್ನೆ

ನಮ್ಮ ಹೈಸ್ಕೂಲುಗಳಲ್ಲಿ ನಡೆಯುವ ದಂತ ತಪಾಸಣಾ ಶಿಬಿರಕ್ಕೆ ಒಂದು ಗೊತ್ತಾದ ಕ್ರಮವಿದೆ. ಹತ್ತಿರದ ಡೆಂಟಲ್ ಕಾಲೇಜಿನ ಬಸ್ಸಿನಲ್ಲಿ ಯುವ ವೈದ್ಯರು ಬರುತ್ತಾರೆ. ಸಾಲಾಗಿ ನಿಂತ ಮಕ್ಕಳ ಬಾಯಲ್ಲಿ ಪುಟ್ಟ ಕನ್ನಡಿ ಆಡಿಸಿ ಹುಳುಕಿನ ಲೆಕ್ಕ ಬರೆದುಕೊಳ್ಳುತ್ತಾರೆ. ದೊಡ್ಡ ಪ್ಲಾಸ್ಟಿಕ್ ದವಡೆಯ ಮೇಲೆ ಬ್ರಷ್ ಹಿಡಿಯುವ ಬಗೆ ತೋರಿಸಿ, ಎರಡು ಹೊತ್ತು ತಿಕ್ಕಿ ಎಂದು ಹೇಳಿ, ಕೆಲವೆಡೆ ಪೇಸ್ಟಿನ ಸಣ್ಣ ಟ್ಯೂಬನ್ನೂ ಕೊಟ್ಟು ಹೋಗುತ್ತಾರೆ. ಈ ಕೆಲಸದ ಮೇಲೆ ನನಗೆ ಗೌರವವಿದೆ. ನೋವು ತಡೆಯಲಾರದಷ್ಟಾದ ಮೇಲಷ್ಟೇ ಹಲ್ಲಿನ ಡಾಕ್ಟರ ಬಳಿ ಹೋಗುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥ ಮನೆಯ ಮಗುವಿನ ಬಾಯನ್ನು ಯಾರೋ ಒಬ್ಬರು ಕಾಳಜಿಯಿಂದ ನೋಡಿದರೆ ಅದೇ ದೊಡ್ಡದು. ಫ್ಲೋರೈಡ್ ಪೇಸ್ಟ್ ಹುಳುಕನ್ನು ತಡೆಯುತ್ತದೆ ಎನ್ನುವುದಕ್ಕೂ ದಶಕಗಳ ಪುರಾವೆಯಿದೆ. ಆದರೂ ಹದಿಹರೆಯದವರ ಮಟ್ಟಿಗೆ ಈ ಶಿಬಿರ ಅರ್ಧ ಕೆಲಸವನ್ನಷ್ಟೇ ಮಾಡುತ್ತಿದೆ. ದಿನಕ್ಕೆ ಎಷ್ಟು ಸಲ ಹಲ್ಲುಜ್ಜುತ್ತೀಯ ಎಂದು ಕೇಳುತ್ತದೆ. ಎಷ್ಟು ಸಲ ಬಾಯಾಡಿಸುತ್ತೀಯ ಎಂದು ಕೇಳುವುದಿಲ್ಲ.

ಕೇಳದೆ ಬಿಟ್ಟ ಆ ಪ್ರಶ್ನೆಗೆ ಉತ್ತರ ಸಿಕ್ಕಿ ಎಪ್ಪತ್ತು ವರ್ಷ ಕಳೆದಿವೆ. ಸ್ವೀಡನ್ನಿನ ಲುಂಡ್ ಊರಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1945ರಿಂದ ಕೆಲವು ವರ್ಷ ನಡೆದ ಪ್ರಯೋಗದ ವರದಿ 1954ರಲ್ಲಿ ಪ್ರಕಟವಾಯಿತು. ಊಟದ ಜೊತೆಯಲ್ಲೇ ಸಕ್ಕರೆ ತಿಂದವರಲ್ಲಿ ಹುಳುಕು ಅಷ್ಟೇನೂ ಹೆಚ್ಚಲಿಲ್ಲ. ಊಟಗಳ ನಡುವೆ ಅಂಟು ಟಾಫಿ ತಿಂದವರಲ್ಲಿ ವಿಪರೀತ ಏರಿತು. ಅಂದರೆ ಎಷ್ಟು ತಿಂದರು ಎನ್ನುವುದಕ್ಕಿಂತ ಎಷ್ಟು ಸಲ ತಿಂದರು, ತಿಂದದ್ದು ಎಷ್ಟು ಹೊತ್ತು ಹಲ್ಲಿಗೆ ಅಂಟಿಕೊಂಡಿತ್ತು ಎನ್ನುವುದೇ ಮುಖ್ಯವಾಗಿತ್ತು. ಆಸ್ಪತ್ರೆಯಲ್ಲಿದ್ದವರು ಬೌದ್ಧಿಕ ಅಂಗವೈಕಲ್ಯವುಳ್ಳವರು; ಅವರ ಒಪ್ಪಿಗೆ ಪಡೆಯದೆಯೇ ಅವರ ಹಲ್ಲು ಕೆಡಿಸಿ ಕಂಡುಕೊಂಡ ಸತ್ಯವಿದು. ಆ ಅನ್ಯಾಯವನ್ನು ಯಾವ ಫಲಿತಾಂಶವೂ ತೊಳೆಯಲಾರದು. ಅಷ್ಟು ನೋವಿನಿಂದ ಬಂದ ತಿಳಿವಳಿಕೆಗೆ ನಮ್ಮ ಶಿಬಿರಗಳ ಚಾರ್ಟುಗಳಲ್ಲಿ ಒಂದು ಸಾಲಿನ ಜಾಗವೂ ಸಿಗುವುದಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಬಾಯೊಳಗಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆಮ್ಲತೆ ಅಳೆಯುವ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರವಾದ ಎನಾಮಲ್‌ನಲ್ಲಿರುವ ಖನಿಜ ಕರಗತೊಡಗುತ್ತದೆ. ಜೊಲ್ಲು ಆ ಆಮ್ಲವನ್ನು ತಗ್ಗಿಸಿ ಹಲ್ಲನ್ನು ಮತ್ತೆ ಗಟ್ಟಿ ಮಾಡಲು ನೋಡುತ್ತದೆ. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡುವು ಬೇಕು. ಈಗ ಪಿಯುಸಿ ಓದುವ ಹುಡುಗಿಯೊಬ್ಬಳ ದಿನ ನೋಡಿ. ಬೆಳಿಗ್ಗೆ ಟ್ಯೂಷನ್ ಅವಸರದಲ್ಲಿ ತಿಂಡಿ ಬಿಟ್ಟಿರುತ್ತಾಳೆ. ಬ್ರೇಕಿನಲ್ಲಿ ಬೇಕರಿಯ ಕ್ರೀಮ್ ಬನ್ನು, ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಹತ್ತು ರೂಪಾಯಿಯ ಮಾವಿನ ಜ್ಯೂಸು, ಸಂಜೆ ಗೆಳತಿಯರೊಡನೆ ಚಿಪ್ಸ್, ರಾತ್ರಿ ಪುಸ್ತಕದ ಪಕ್ಕದಲ್ಲಿ ಕ್ರೀಮ್ ಬಿಸ್ಕತ್ತಿನ ಪೊಟ್ಟಣ. ಒಂದೊಂದೂ ಸಣ್ಣ ತಿನಿಸೇ. ಆದರೆ ಪ್ರತಿ ಸಲವೂ ಜೊಲ್ಲು ತನ್ನ ಕೆಲಸವನ್ನು ಮತ್ತೆ ಮೊದಲಿನಿಂದ ಶುರುಮಾಡಬೇಕು. ಬೆಳಿಗ್ಗೆ ಎರಡು ನಿಮಿಷ, ರಾತ್ರಿ ಎರಡು ನಿಮಿಷ ಉಜ್ಜಿದರೆ ಇದೆಲ್ಲ ಸರಿಹೋಗುತ್ತದೆ ಎಂದು ಅವಳನ್ನು ನಂಬಿಸುವುದು ತಪ್ಪು.

ಚಿಪ್ಸಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಖಾರದ ತಿಂಡಿ ಹಲ್ಲಿಗೆ ಏನೂ ಮಾಡದು ಎಂದು ತಾಯ್ತಂದೆಯರೂ ನಂಬಿರುತ್ತಾರೆ. ಆದರೆ ಚಿಪ್ಸಿನ ಬೆಂದ ಪಿಷ್ಟ ದವಡೆ ಹಲ್ಲಿನ ಸಂದಿಗಳಲ್ಲಿ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಅದನ್ನು ಅಲ್ಲೇ ಸಕ್ಕರೆಯಾಗಿ ಒಡೆಯುತ್ತದೆ. ಕೋಲಾದ ಕಥೆ ಇನ್ನೂ ಕಷ್ಟದ್ದು. ಅದರ ಪಿಎಚ್ ಸುಮಾರು 2.5. ಬ್ಯಾಕ್ಟೀರಿಯಾದ ನೆರವಿಲ್ಲದೆಯೂ ಅದು ಎನಾಮಲ್ ಸವೆಸಬಲ್ಲದು, ಸಕ್ಕರೆಯಿಲ್ಲದ ಡಯಟ್ ಬಾಟಲಿಯೂ ಅಷ್ಟೇ. ಸಕ್ಕರೆ ಹಾಕಿದ 330 ಮಿಲಿಲೀಟರ್ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ದೊಡ್ಡವರ ಲೆಕ್ಕದಲ್ಲಿ.

ಹದಿಹರೆಯವೂ ನಾಜೂಕಿನದು. ಎರಡನೆಯ ದವಡೆ ಹಲ್ಲು ಮೂಡುವುದು ಹನ್ನೆರಡರ ಆಸುಪಾಸಿನಲ್ಲಿ. ಹೊಸ ಹಲ್ಲಿನ ಎನಾಮಲ್ ಪೂರ್ತಿ ಬಲಿತಿರುವುದಿಲ್ಲ, ಅದರ ಮೇಲಿನ ಗೀರುಗಳು ಬ್ರಷ್ಷಿನ ಎಳೆಯೂ ಇಳಿಯದಷ್ಟು ಕಿರಿದು. ಆ ಗೀರುಗಳನ್ನು ಸೀಲೆಂಟ್ ಎಂಬ ತೆಳು ಲೇಪ ಹಾಕಿ ಮುಚ್ಚಬಹುದು. ಕೊರೆಯಬೇಕಿಲ್ಲ, ನೋವೂ ಇಲ್ಲ. ಬಸ್ಸಿನಲ್ಲಿ ಬಂದ ವೈದ್ಯರಿಗೆ ಇದು ಬಾರದ ವಿದ್ಯೆಯೇನಲ್ಲ. ಪೇಸ್ಟಿಗಿಂತ ಮೊದಲು ಕೊಡಬೇಕಾದದ್ದು ಇದು. ಇದರ ಅಗತ್ಯವಂತೂ ಹಳೆಯದು: 2002–03ರ ರಾಷ್ಟ್ರೀಯ ಬಾಯಿ ಆರೋಗ್ಯ ಸಮೀಕ್ಷೆಯಲ್ಲೇ 12 ವರ್ಷದವರಲ್ಲಿ ಶೇ 53.8, 15 ವರ್ಷದವರಲ್ಲಿ ಶೇ 63.1 ಮಂದಿಗೆ ಹುಳುಕು ಕಂಡಿತ್ತು.

ಹಾಗೆಂದು ಹಳೆಯ ಕಾಲದ ತಿಂಡಿಯೇ ಮದ್ದು ಎನ್ನುವವರ ಜೊತೆ ನಾನಿಲ್ಲ. ಬೆಲ್ಲದಲ್ಲಿರುವುದೂ ಹೆಚ್ಚಿನಂಶ ಅದೇ ಸಕ್ಕರೆ. ಚಿಕ್ಕಿ ಟಾಫಿಯಷ್ಟೇ ಅಂಟುತ್ತದೆ. ನಮ್ಮ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇಲ್ಲವೇ ಶೇಂಗಾ ಚಿಕ್ಕಿ ಹಂಚುತ್ತಿದ್ದ ಸರ್ಕಾರ 2024ರಲ್ಲಿ ಚಿಕ್ಕಿಯನ್ನು ನಿಲ್ಲಿಸಿತು. ಸಕ್ಕರೆ ಹೆಚ್ಚು ಎಂಬುದೂ ಕಾರಣಗಳಲ್ಲಿ ಒಂದಾಗಿತ್ತು. ಅದು ಸರಿಯಾದ ತೀರ್ಮಾನ.

ಕಾನೂನೂ ಇದೆ. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ತಂದಿದೆ. ಶಿಬಿರಕ್ಕೆ ಬಂದ ವೈದ್ಯರು ಮುಖ್ಯೋಪಾಧ್ಯಾಯರೊಡನೆ ಚಹಾ ಕುಡಿಯುವಾಗಲಾದರೂ ಈ ನಿಯಮವನ್ನು ಎತ್ತಬೇಕು. ಗೇಟಿನೆದುರಿನ ಪೆಟ್ಟಿಗೆ ಅಂಗಡಿಯವರ ಮೇಲೆ ರೇಗುವುದರಲ್ಲಿ ಅರ್ಥವಿಲ್ಲ. ಅವರಿಗೂ ಸಂಸಾರವಿದೆ, ಬೇಯಿಸಿದ ಶೇಂಗಾ, ಸೌತೆಕಾಯಿ, ಪೇರಲೆ, ಮಜ್ಜಿಗೆ ಮಾರಿದರೂ ವ್ಯಾಪಾರ ನಡೆಯುವಂತೆ ಪಂಚಾಯಿತಿಯವರೂ ಶಾಲೆಯವರೂ ಜೊತೆಗೆ ನಿಲ್ಲಬೇಕು.

ಶಿಬಿರದ ತಪಾಸಣಾ ಹಾಳೆಗೆ ಒಂದು ಕಾಲಂ ಸೇರಿಸಿದರೆ ಸಾಕು: ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದೆ, ಯಾವಾಗ? ಮಕ್ಕಳು ತಮ್ಮ ಕೈಯಾರೆ ಬರೆದು, ತಾವೇ ಎಣಿಸಿ ನೋಡಲಿ. ಇದನ್ನು ಹೈಸ್ಕೂಲಿಗೇ ನಿಲ್ಲಿಸಬಾರದು. ಕೈಗೆ ಸ್ವಂತ ಕಾಸು ಬಂದು, ಊಟದ ಹೊತ್ತು ತಪ್ಪಿ, ಬೇಕರಿಯೇ ಅಡುಗೆಮನೆಯಾಗುವುದು ಪಿಯು ಕಾಲೇಜಿಗೆ ಕಾಲಿಟ್ಟ ಮೇಲೆ. ಶಿಬಿರದ ಬಸ್ಸು ಅಲ್ಲಿಗೂ ಹೋಗಲಿ, ಕ್ಯಾಂಟೀನ್ ನಡೆಸುವವರನ್ನೂ ಜೊತೆಗೆ ಕೂರಿಸಿಕೊಂಡು ಮಾತಾಡಲಿ.