ಕರಗುವ ಪ್ಲಾಸ್ಟಿಕ್: ಎಲ್ಲಿ ಕರಗಬೇಕು, ಯಾವಾಗ ಕರಗಬೇಕು?

ಜೈವಿಕ ಪ್ಲಾಸ್ಟಿಕ್‌ನಿಂದ ವೈದ್ಯಕೀಯ ಸಾಧನಗಳನ್ನು ತಯಾರಿಸುವ ಸಂಶೋಧನೆ ಈಗ ಒಂದೇ ಪ್ರಯೋಗಾಲಯದ ಕೆಲಸವಾಗಿ ಉಳಿದಿಲ್ಲ. ಸೂಕ್ಷ್ಮಜೀವಿ ವಿಜ್ಞಾನಿ, ರಸಾಯನ ವಿಜ್ಞಾನಿ, ಎಂಜಿನಿಯರ್, ವೈದ್ಯ, ತಯಾರಕರು ಎಲ್ಲರೂ ಕೂಡಿ ನಡೆಸುವ ಯೋಜನೆಗಳು ಅನೇಕ. ಇಂತಹ ವಸ್ತುಗಳ ಬಗ್ಗೆ ಎರಡು ಆಶ್ವಾಸನೆಗಳು ಜೊತೆಯಾಗಿಯೇ ಕೇಳಿಬರುತ್ತವೆ: ಇವು ದೇಹಕ್ಕೂ ಹಿತ, ಪರಿಸರಕ್ಕೂ ಹಿತ. ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಎರಡನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.

ಮೊದಲು ಪದಗಳ ಗೊಂದಲವನ್ನು ನೋಡೋಣ. ‘ಜೈವಿಕ’ ಎಂಬ ಮಾತು ವಸ್ತುವಿನ ಮೂಲವನ್ನು ಹೇಳುತ್ತದೆ, ‘ವಿಘಟನಶೀಲ’ ಎಂಬುದು ಅದರ ಅಂತ್ಯವನ್ನು ಹೇಳುತ್ತದೆ. ಕಬ್ಬಿನಿಂದ ತಯಾರಿಸಿದ ಪಾಲಿಎಥಿಲೀನ್ ಜೈವಿಕ ಮೂಲದ್ದಾದರೂ ಮಣ್ಣಿನಲ್ಲಿ ಕೊಳೆಯುವುದಿಲ್ಲ. ಪೆಟ್ರೋಲಿಯಂ ಮೂಲದ ಪಾಲಿಕ್ಯಾಪ್ರೊಲ್ಯಾಕ್ಟೋನ್ ಕೊಳೆಯುತ್ತದೆ. ಇನ್ನು ದೇಹ ಅದನ್ನು ಸಹಿಸಿಕೊಳ್ಳುವುದೇ ಎಂಬುದು ಮೂರನೆಯ ಪ್ರಶ್ನೆ.

ಫ್ರಾನ್ಸಿನ ಮೊರಿಸ್ ಲೆಮ್ವಾನ್ 1926ರ ಸುಮಾರಿಗೆ ಬ್ಯಾಕ್ಟೀರಿಯಾದ ಕೋಶದೊಳಗೆ ಪಾಲಿಹೈಡ್ರಾಕ್ಸಿಬ್ಯುಟಿರೇಟ್ ಎಂಬ ಪಾಲಿಮರನ್ನು ಗುರುತಿಸಿದ. ನಮ್ಮ ದೇಹ ಕೊಬ್ಬನ್ನು ಕೂಡಿಡುವಂತೆ ಬ್ಯಾಕ್ಟೀರಿಯಾ ಇದನ್ನು ಕೂಡಿಡುತ್ತದೆ. 1990ರಲ್ಲಿ ಈ ಕುಟುಂಬದ ಪ್ಲಾಸ್ಟಿಕ್‌ನಿಂದ ಮಾಡಿದ ಶಾಂಪೂ ಬಾಟಲಿಗಳು ಜರ್ಮನಿಯ ಮಾರುಕಟ್ಟೆಗೆ ಬಂದವು. ಸಾಮಾನ್ಯ ಪ್ಲಾಸ್ಟಿಕ್‌ನ ಅಗ್ಗದ ಬೆಲೆಯೊಂದಿಗೆ ಅವು ಸ್ಪರ್ಧಿಸಲಾಗಲಿಲ್ಲ. ವೈದ್ಯಕೀಯದಲ್ಲಿ ಕೆಲವೇ ಗ್ರಾಂ ವಸ್ತು ಸಾಕು, ಬೆಲೆಯ ಅಡ್ಡಿ ಕಡಿಮೆ. ಈ ಕುಟುಂಬಕ್ಕೇ ಸೇರಿದ ಪಾಲಿ-4-ಹೈಡ್ರಾಕ್ಸಿಬ್ಯುಟಿರೇಟ್‌ನ ಹೊಲಿಗೆ ದಾರಕ್ಕೆ 2007ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿ ದೊರೆಯಿತು. ತಳಿಮಾರ್ಪಡಿಸಿದ ಇ. ಕೋಲೈ ಬ್ಯಾಕ್ಟೀರಿಯಾ ಈ ಪಾಲಿಮರನ್ನು ತಯಾರಿಸುತ್ತದೆ. ಆದರೆ ಆ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಎಂಡೊಟಾಕ್ಸಿನ್ ರೋಗಿಗೆ ಜ್ವರ ತರಿಸಬಲ್ಲದು. ಅದನ್ನು ಪೂರ್ತಿ ತೊಳೆದು ತೆಗೆಯದಿದ್ದರೆ ಪಾಲಿಮರ್ ಎಷ್ಟೇ ಉತ್ತಮವಾದರೂ ನಿರುಪಯುಕ್ತ. ಸಹಯೋಗದ ನಿಜವಾದ ಅಗತ್ಯ ಇಂತಹ ಕಡೆ ಕಾಣುತ್ತದೆ.

ಹೊಲಿಗೆ ದಾರ ಗೆದ್ದದ್ದೇಕೆ? ಅದರ ಕೆಲಸದ ಅವಧಿ ಸ್ಪಷ್ಟ. 1970ರ ದಶಕದಲ್ಲಿ ಬಳಕೆಗೆ ಬಂದ ಪಾಲಿಗ್ಲೈಕಾಲಿಕ್ ಆಮ್ಲದ ದಾರ ಎರಡು-ಮೂರು ವಾರ ಗಾಯವನ್ನು ಹಿಡಿದಿಟ್ಟು, ಸುಮಾರು ಮೂರು ತಿಂಗಳಲ್ಲಿ ದೇಹದಲ್ಲಿ ಲೀನವಾಗುತ್ತದೆ. ಅಷ್ಟರಲ್ಲಿ ಗಾಯ ಕೂಡಿರುತ್ತದೆ.

ಸ್ಟೆಂಟ್‌ನ ಕಥೆ ಬೇರೆ. ಹೃದಯಕ್ಕೆ ರಕ್ತ ಒದಗಿಸುವ ಧಮನಿಯನ್ನು ತೆರೆದಿಡುವ ಈ ಜಾಲರಿಯನ್ನು ಲೋಹದ ಬದಲು ಪಾಲಿಲ್ಯಾಕ್ಟಿಕ್ ಆಮ್ಲದಿಂದ ಮಾಡಿದರೆ, ಸುಮಾರು ಮೂರು ವರ್ಷಗಳಲ್ಲಿ ಅದು ಕರಗಿ ಧಮನಿ ಸ್ವತಂತ್ರವಾಗುತ್ತದೆ ಎಂಬುದು ಆಶಯ. ಅಬಾಟ್ ಕಂಪನಿಯ ‘ಅಬ್ಸಾರ್ಬ್’ ಸ್ಟೆಂಟ್‌ಗೆ 2016ರ ಜುಲೈನಲ್ಲಿ ಅಮೆರಿಕದ ಅನುಮತಿ ದೊರೆಯಿತು. 2017ರ ಸೆಪ್ಟೆಂಬರ್‌ನಲ್ಲಿ ಕಂಪನಿಯೇ ಮಾರಾಟ ನಿಲ್ಲಿಸುವುದಾಗಿ ಪ್ರಕಟಿಸಿತು. ಸುಮಾರು 2000 ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಎರಡು ವರ್ಷಗಳ ಅವಧಿಗೆ ಹೃದಯಾಘಾತ, ಹೃದ್ರೋಗದಿಂದ ಸಾವು, ಮರುಚಿಕಿತ್ಸೆ ಇವುಗಳ ಒಟ್ಟು ಪ್ರಮಾಣ ಅಬ್ಸಾರ್ಬ್ ಪಡೆದವರಲ್ಲಿ ಶೇ. 11, ಲೋಹದ ಸ್ಟೆಂಟ್ ಪಡೆದವರಲ್ಲಿ ಶೇ. 7.9. ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕ್ರಮವಾಗಿ ಶೇ. 1.9 ಮತ್ತು 0.8.

ಇದಕ್ಕೆ ಒಂದು ಮುಖ್ಯ ಕಾರಣ ದಪ್ಪ. ಪಾಲಿಮರ್ ಲೋಹದಷ್ಟು ಗಟ್ಟಿಯಲ್ಲ. ಧಮನಿಯ ಒತ್ತಡ ತಡೆಯಲು ಅದರ ಎಳೆಗಳನ್ನು ಸುಮಾರು 150 ಮೈಕ್ರಾನ್ ದಪ್ಪ ಮಾಡಬೇಕಾಯಿತು. ಹೋಲಿಕೆಗೆ ಬಳಸಿದ ಲೋಹದ ಸ್ಟೆಂಟ್‌ನ ಎಳೆ ಸುಮಾರು 80 ಮೈಕ್ರಾನ್ ಮಾತ್ರ. ದಪ್ಪ ಎಳೆ ರಕ್ತದ ಹರಿವನ್ನು ಕೆಡಿಸುತ್ತದೆ. ಐದು ವರ್ಷಗಳ ಫಲಿತಾಂಶ ಬಂದಾಗ, ಹೆಚ್ಚುವರಿ ಅಪಾಯ ಮೊದಲ ಮೂರು ವರ್ಷಗಳಿಗೆ ಸೀಮಿತವಾಗಿದ್ದುದು ಕಂಡಿತು. ಅಂದರೆ ಲಾಭ ಬರಬೇಕಾದದ್ದು ಕರಗಿದ ಮೇಲೆ, ಹಾನಿಯಾದದ್ದು ಕರಗುವ ಮುನ್ನ. ಹಾಗೆಂದು ಈ ಕಲ್ಪನೆಯೇ ತಪ್ಪೆನ್ನಲಾಗದು. ಮೊಣಕಾಲಿನ ಕೆಳಗಿನ ಧಮನಿಗಳಿಗಾಗಿ ಅದೇ ಕಂಪನಿಯ ಕರಗುವ ಸ್ಟೆಂಟ್‌ಗೆ 2024ರಲ್ಲಿ ಅನುಮತಿ ಸಿಕ್ಕಿದೆ.

ಪ್ರಯೋಗಾಲಯದ ಅಳತೆಗಳಲ್ಲೂ ಇದೇ ಕೊರತೆ ಉಂಟು. 37 ಡಿಗ್ರಿ ಸೆಲ್ಸಿಯಸ್‌ನ ಲವಣದ್ರಾವಣದಲ್ಲಿ ಪಾಲಿಮರ್ ತುಂಡನ್ನಿಟ್ಟು ತೂಕ ಎಷ್ಟು ಇಳಿಯಿತೆಂದು ನೋಡುವುದು ರೂಢಿ. ಆದರೆ ಪಾಲಿಲ್ಯಾಕ್ಟಿಕ್ ಆಮ್ಲದಂತಹ ವಸ್ತುವಿನಲ್ಲಿ ತೂಕ ಇಳಿಯುವುದಕ್ಕೆ ಬಹಳ ಮೊದಲೇ ಅಣುಸರಪಳಿಗಳು ತುಂಡಾಗಿ ಬಲ ಕುಗ್ಗಿರುತ್ತದೆ. ದಪ್ಪ ತುಂಡಿನ ಒಳಗೆ ಸಿಕ್ಕಿಕೊಂಡ ಆಮ್ಲ ವಿಘಟನೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಕ್ರಿಮಿಶುದ್ಧೀಕರಣವೂ ಸುಲಭವಲ್ಲ. ಈ ವಸ್ತು 60 ಡಿಗ್ರಿ ಆಸುಪಾಸಿನಲ್ಲೇ ಮೆದುವಾಗುವುದರಿಂದ 121 ಡಿಗ್ರಿಯ ಆಟೊಕ್ಲೇವ್ ಅದಕ್ಕೆ ಒಗ್ಗದು. ಗಾಮಾ ಕಿರಣ ಅದರ ಅಣುಸರಪಳಿಗಳನ್ನು ಕಡಿಯುತ್ತದೆ. ಇದನ್ನು ಬಲ್ಲವರು ಯೋಜನೆಯ ಕೊನೆಯಲ್ಲಿ ಬಂದರೆ ತಡವಾಯಿತೆಂದೇ ಅರ್ಥ.

ಪರಿಸರದ ಆಶ್ವಾಸನೆ ಇನ್ನೂ ದುರ್ಬಲ. ನಮ್ಮ ದೇಶದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಸಲೈನ್ ಕೊಳವೆ, ಕ್ಯಾಥೆಟರ್, ಸೂಜಿ ತೆಗೆದ ಸಿರಿಂಜ್ ಕೆಂಪು ಚೀಲಕ್ಕೆ ಹೋಗುತ್ತವೆ. ಅಲ್ಲಿಂದ ಶುದ್ಧೀಕರಿಸಿ, ಚೂರುಮಾಡಿ, ಮರುಬಳಕೆಯಂತಹ ಉಪಯೋಗಗಳಿಗೆ ಕಳುಹಿಸಬೇಕು, ನೆಲಭರ್ತಿಗೆ ಹಾಕುವಂತಿಲ್ಲ. ಮಣ್ಣನ್ನೇ ಸೇರದ ಸಿರಿಂಜ್ ಮಣ್ಣಿನಲ್ಲಿ ಕೊಳೆಯುತ್ತದೆ ಎಂಬ ಹೊಗಳಿಕೆಯಿಂದ ಪ್ರಯೋಜನವೇನು? ಪಾಲಿಪ್ರೊಪಿಲೀನ್ ಜೊತೆ ಬೆರೆತರೆ ಅದು ಮರುಬಳಕೆಯ ಗುಣಮಟ್ಟವನ್ನೇ ಕೆಡಿಸಬಹುದು. ಆಸ್ಪತ್ರೆಯ ತ್ಯಾಜ್ಯ ನಿರ್ವಹಿಸುವವರನ್ನೂ ಸಹಯೋಗಕ್ಕೆ ಸೇರಿಸಿಕೊಂಡರೆ ಈ ಪ್ರಶ್ನೆ ಮೊದಲ ಸಭೆಯಲ್ಲೇ ಏಳುತ್ತದೆ.

ಇಂತಹ ಸಂಶೋಧನೆಯ ವರದಿ ಓದುವಾಗ ಅಧ್ಯಾಪಕರೂ ವಿದ್ಯಾರ್ಥಿಗಳೂ ಮೂರು ಪ್ರಶ್ನೆಗಳನ್ನು ಕೇಳಬಹುದು. ಸಾಧನ ಎಷ್ಟು ದಿನ ಗಟ್ಟಿಯಾಗಿರಬೇಕು? ಅಷ್ಟು ದಿನ ಬಲ ಉಳಿಯಿತೆಂದು ಅಳೆದಿದ್ದಾರೆಯೇ, ಅಥವಾ ತೂಕವನ್ನಷ್ಟೇ ನೋಡಿದ್ದಾರೆಯೇ? ಬಳಸಿದ ಮೇಲೆ ಅದು ನಿಜವಾಗಿ ಹೋಗುವುದೆಲ್ಲಿಗೆ? ಇವಕ್ಕೆ ಉತ್ತರವಿಲ್ಲದ ವರದಿಯಲ್ಲಿ ಎಷ್ಟು ಸಂಸ್ಥೆಗಳ ಹೆಸರಿದ್ದರೂ, ಸಹಯೋಗ ಇನ್ನೂ ಅಪೂರ್ಣವೆಂದೇ ಹೇಳಬೇಕು.