ಸಿಮ್ಯುಲೇಟರಿನ ಮರುಯಾನ ಮತ್ತು ಚರಿತ್ರೆಯ ಅರಿವು

ಗತಕಾಲದ ಕರ್ತೃವು ಏನನ್ನು ಆಲೋಚಿಸಿ ಕಾರ್ಯವೆಸಗಿದನೋ ಆ ಆಲೋಚನೆಯನ್ನು ಚರಿತ್ರಕಾರನು ತನ್ನ ಮನಸ್ಸಿನಲ್ಲಿ ಪುನಃ ನಡೆಸಿ ನೋಡಬೇಕು. ಹಾಗೆ ನೋಡಿದಾಗಲೇ ಅವನಿಗೆ ಚರಿತ್ರೆಯ ಅರಿವು ಲಭಿಸುವುದು ಎಂಬುದು ಆರ್. ಜಿ. ಕಾಲಿಂಗ್‌ವುಡ್ಡರ ಪ್ರಸಿದ್ಧವಾದ ವಾದ. ಅವರು ಗತಿಸಿದ ತರುವಾಯ 1946ರಲ್ಲಿ ಪ್ರಕಟವಾದ ‘ದಿ ಐಡಿಯಾ ಆಫ್ ಹಿಸ್ಟರಿ’ ಎಂಬ ಗ್ರಂಥದಿಂದ ಈ ವಾದವು ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾಗಿದೆ. ಮನಸ್ಸಿನಲ್ಲಿ ನಡೆಯಬೇಕಾದ ಈ ಪುನರಾವರ್ತನೆಯನ್ನು ಈಗ ಮನೆಯ ಮೇಜಿನ ಮೇಲೆಯೇ ನಡೆಸಬಹುದೆಂಬ ನಂಬಿಕೆಗೆ ಅವಕಾಶ ಒದಗಿದೆ. ಗಣಕಯಂತ್ರದ ತೆರೆಯ ಮೇಲೆ ವಿಮಾನ ನಡೆಸುವ ಫ್ಲೈಟ್ ಸಿಮ್ಯುಲೇಟರಿನಲ್ಲಿ ಹಳೆಯ ದೀರ್ಘಯಾನಗಳನ್ನು ಮತ್ತೆ ಹಾರಿ ನೋಡುವ ಹವ್ಯಾಸವೇ ಇದಕ್ಕೆ ಮೂಲ. ಚರಿತ್ರೆಯ ದೃಷ್ಟಿಯಿಂದ ಇದರ ಬೆಲೆಯೆಷ್ಟು ಎಂಬುದನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸೋಣ.

2020ರ ಆಗಸ್ಟಿನಲ್ಲಿ ಹೊರಬಂದ ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ ಉಪಗ್ರಹಗಳಿಂದಲೂ ವಿಮಾನಗಳಿಂದಲೂ ತೆಗೆದ ಚಿತ್ರಗಳನ್ನಾಧರಿಸಿ ಇಡೀ ಭೂಮಂಡಲವನ್ನು ತೆರೆಯ ಮೇಲೆ ಮೂಡಿಸುತ್ತದೆ. ಈ ಹೆಸರಿನ ಸಿಮ್ಯುಲೇಟರಿಗೆ 40 ವರ್ಷ ತುಂಬಿದ ನೆನಪಿಗೆ 2022ರ ನವೆಂಬರಿನಲ್ಲಿ ಬಂದ ಆವೃತ್ತಿಯಲ್ಲಿ ಕೆಲವು ಐತಿಹಾಸಿಕ ವಿಮಾನಗಳು ಸೇರಿದುವು. ಅವುಗಳಲ್ಲಿ ಚಾರ್ಲ್ಸ್ ಲಿಂಡ್‌ಬರ್ಗನ ‘ಸ್ಪಿರಿಟ್ ಆಫ್ ಸೇಂಟ್ ಲೂಯಿಸ್’ ಒಂದು. ಈ ವಿಮಾನವನ್ನು ಆರಿಸಿಕೊಂಡವನು ನ್ಯೂಯಾರ್ಕಿನಿಂದ ಪ್ಯಾರಿಸಿನವರೆಗಿನ ಯಾನವನ್ನು ತಾನೂ ಕೈಗೊಳ್ಳಬಯಸುವುದು ಸಹಜ.

ಮೂಲಯಾನದ ಸಂಗತಿಗಳು ಸುವಿದಿತವಾದವು. 1927ರ ಮೇ 20ರ ಬೆಳಗ್ಗೆ 7 ಗಂಟೆ 52 ನಿಮಿಷಕ್ಕೆ, 25 ವರ್ಷದ ಲಿಂಡ್‌ಬರ್ಗನು ಲಾಂಗ್ ಐಲೆಂಡಿನ ರೂಸ್‌ವೆಲ್ಟ್ ಫೀಲ್ಡಿನಿಂದ ಏಕಾಕಿಯಾಗಿ ಹೊರಟನು. ಸುಮಾರು 450 ಗ್ಯಾಲನ್ ಪೆಟ್ರೋಲಿನ ಭಾರವನ್ನು ಹೊತ್ತಿದ್ದ ಆ ವಿಮಾನದಲ್ಲಿ ರೇಡಿಯೋ ಇರಲಿಲ್ಲ, ಪ್ಯಾರಾಚೂಟ್ ಇರಲಿಲ್ಲ. ಸುಮಾರು 5,800 ಕಿಲೋಮೀಟರುಗಳ ದಾರಿಯನ್ನು ಮೂವತ್ತಮೂರೂವರೆ ಗಂಟೆಗಳಲ್ಲಿ ಕ್ರಮಿಸಿ, ಮರುದಿನ ರಾತ್ರಿ ಪ್ಯಾರಿಸಿನ ಲ ಬೂರ್ಜೆ ನಿಲ್ದಾಣದಲ್ಲಿ ಅವನು ಇಳಿದನು.

ಸಿಮ್ಯುಲೇಟರು ಕಲಿಸಬಲ್ಲ ಸಂಗತಿಗಳನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಮುಖ್ಯ ಪೆಟ್ರೋಲ್ ತೊಟ್ಟಿಯು ಚಾಲಕನ ಮುಂದೆಯೇ ಇದ್ದುದರಿಂದ ಲಿಂಡ್‌ಬರ್ಗನಿಗೆ ಎದುರಿನ ನೋಟವೇ ಇರಲಿಲ್ಲವೆಂಬ ವಾಕ್ಯವನ್ನು ಪುಸ್ತಕದಲ್ಲಿ ಓದಿ ನಾವು ಮುಂದೆ ಸಾಗುತ್ತೇವೆ. ಆ ಕುರುಡು ಆಸನದಲ್ಲಿ ಅರ್ಧ ಗಂಟೆ ಕುಳಿತವನಿಗೆ ಅದರ ಅರ್ಥವು ಬೇರೆಯೇ ಆಗುತ್ತದೆ. ಲಿಂಡ್‌ಬರ್ಗನು ತನ್ನ ಮಾರ್ಗವನ್ನು ನೂರು ನೂರು ಮೈಲಿಗಳ ತುಂಡುಗಳಾಗಿ ವಿಭಾಗಿಸಿ, ಗಂಟೆಗೊಮ್ಮೆ ದಿಕ್ಕನ್ನು ತುಸು ಬದಲಿಸುತ್ತ ಸಾಗಿದನು. ಗಾಳಿಯು ವಿಮಾನವನ್ನು ಪಕ್ಕಕ್ಕೆ ಒಯ್ಯುತ್ತಿರುವಾಗ ಈ ಲೆಕ್ಕವನ್ನು ಕೈಯಾರೆ ನಡೆಸಿದವನಿಗೆ, ಐರ್ಲೆಂಡಿನ ಕರಾವಳಿಯನ್ನು ಅವನು ಉದ್ದೇಶಿತ ರೇಖೆಗೆ ಕೆಲವೇ ಮೈಲಿಗಳಷ್ಟು ಹತ್ತಿರದಲ್ಲಿ ಮುಟ್ಟಿದ್ದು ಎಂತಹ ಸಾಧನೆಯೆಂಬುದು ಮನದಟ್ಟಾಗುತ್ತದೆ. ಇಷ್ಟರಮಟ್ಟಿಗೆ ಕಾಲಿಂಗ್‌ವುಡ್ಡರ ಬೇಡಿಕೆ ಸಲ್ಲುತ್ತದೆನ್ನಬಹುದು.

ಆದರೆ ವಿಮಾನವು 1927ರದಾದರೂ ಅದರ ಕೆಳಗಿನ ಭೂಮಿಯು ನಮ್ಮ ಕಾಲದ್ದು. ರೂಸ್‌ವೆಲ್ಟ್ ಫೀಲ್ಡ್ 1951ರಲ್ಲಿ ಮುಚ್ಚಿತು. 1956ರಲ್ಲಿ ಅಲ್ಲಿ ದೊಡ್ಡ ಮಾರುಕಟ್ಟೆಯ ಸಂಕೀರ್ಣ ತೆರೆಯಿತು. ಲ ಬೂರ್ಜೆಯಲ್ಲಿ ಅಂದು ಹುಲ್ಲುಗಾವಲೂ ಲಕ್ಷಕ್ಕೆ ಮೀರಿದ ಜನಸಂದಣಿಯೂ ಇದ್ದುವು. ತೆರೆಯ ಮೇಲೆ ಇಂದಿನ ಓಟದಾರಿಗಳಿವೆ, ಕಾದು ನಿಂತ ಜನರಿಲ್ಲ. ನಮ್ಮ ನಾಡಿಗೆ ಸಮೀಪವಾದ ಉದಾಹರಣೆಯೂ ಉಂಟು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ತಂದ ವಿಮಾನ ಅಂಚೆಯನ್ನು ನೆವಿಲ್ ವಿನ್ಸೆಂಟರು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಆ ದಾರಿಯನ್ನು ಇಂದು ಸಿಮ್ಯುಲೇಟರಿನಲ್ಲಿ ಅನುಸರಿಸುವವನು ಬಳ್ಳಾರಿಯನ್ನು ಸಮೀಪಿಸುವಾಗ ಬಲಗಡೆಗೆ ತುಂಗಭದ್ರಾ ಜಲಾಶಯದ ವಿಸ್ತಾರವನ್ನು ಗುರುತಾಗಿ ಹಿಡಿಯಬಹುದು. ಅಣೆಕಟ್ಟು ಮುಗಿದದ್ದು 1953ರಲ್ಲಿ. ವಿನ್ಸೆಂಟರಿಗೆ ಆ ಗುರುತು ದೊರೆಯುವಂತಿರಲಿಲ್ಲ. ಹಳೆಯ ವೈಮಾನಿಕನಿಗೆ ಇಲ್ಲದ ಗುರುತನ್ನು ಹಿಡಿದು ಅವನ ದಾರಿಯನ್ನು ಕಂಡೆವೆಂದರೆ ಅದು ಕಾಲವ್ಯತಿಕ್ರಮವೇ ಸರಿ.

ಈ ದೋಷವು ಸೋಂಕದ ಸ್ಥಳವೊಂದಿದೆ, ಅದು ಕಡಲು. ನ್ಯೂಫೌಂಡ್‌ಲೆಂಡನ್ನು ದಾಟಿದ ಮೇಲೆ ಅಟ್ಲಾಂಟಿಕ್ ಸಾಗರದಲ್ಲಿ ಕಟ್ಟಡವಿಲ್ಲ, ರಸ್ತೆಯಿಲ್ಲ, ಅಣೆಕಟ್ಟಿಲ್ಲ. ಅಂದಿನ ನೀರೂ ಇಂದಿನ ನೀರೂ ಚಾಲಕನ ಕಣ್ಣಿಗೆ ಒಂದೇ. ಇಡೀ ಯಾನದಲ್ಲಿ 1927ಕ್ಕೆ ಅತ್ಯಂತ ನಿಷ್ಠವಾದ ಭಾಗವು ಇದೇ. ವಿಪರ್ಯಾಸವೆಂದರೆ, ತೆರೆಯ ಮೇಲೆ ನೋಡಲು ಏನೂ ಇಲ್ಲದ ಈ ಭಾಗದಲ್ಲಿಯೇ ಬಳಕೆದಾರನ ಕೈಯು ಕಾಲದ ವೇಗವನ್ನು ಹೆಚ್ಚಿಸುವ ಕೀಲಿಯತ್ತ ಹೋಗುತ್ತದೆ. ಎಂಟುಪಟ್ಟು ವೇಗದಲ್ಲಿ ಮೂವತ್ತಮೂರೂವರೆ ಗಂಟೆಗಳು ನಾಲ್ಕು ಗಂಟೆಗಳಿಗಿಂತ ತುಸು ಹೆಚ್ಚಾಗಿ ಕುಗ್ಗುತ್ತವೆ. ಹೀಗೆ ಹಾರುವವನು ಚರಿತ್ರೆಗೆ ಹೊರತಾದ ನೆಲವನ್ನು ಸಾವಧಾನವಾಗಿ ನೋಡಿ, ಚರಿತ್ರೆಯು ಉಳಿದಿರುವ ಕಡಲನ್ನು ಬಿಟ್ಟುಬಿಡುತ್ತಾನೆ.

ಬಿಟ್ಟದ್ದು ಎಷ್ಟೆಂಬುದಕ್ಕೆ ಲಿಂಡ್‌ಬರ್ಗನ ಬರಹಗಳೇ ಸಾಕ್ಷಿ. ಹೊರಡುವ ಹಿಂದಿನ ರಾತ್ರಿ ಅವನು ನಿದ್ರಿಸಿರಲಿಲ್ಲ. ಕಡಲಿನ ಮೇಲೆ ಮಂಜು ಕಟ್ಟುವ ಮೋಡಗಳಿಗಿಂತಲೂ ನಿದ್ರೆಯೇ ಅವನಿಗೆ ಕ್ರೂರ ಶತ್ರುವಾಯಿತು. 1927ರಲ್ಲಿಯೇ ಪ್ರಕಟವಾದ ಅವನ ಮೊದಲ ವೃತ್ತಾಂತವು ಹೇಳದೆ ಬಿಟ್ಟ ಸಂಗತಿಯೊಂದನ್ನು 1953ರ ಗ್ರಂಥವು ಹೇಳುತ್ತದೆ: ನಿದ್ರೆಗೂ ಎಚ್ಚರಕ್ಕೂ ನಡುವಣ ಆ ಸ್ಥಿತಿಯಲ್ಲಿ ವಿಮಾನದೊಳಗೆ ಛಾಯಾರೂಪಗಳು ತನ್ನೊಡನಿದ್ದಂತೆ ಅವನಿಗೆ ತೋರಿತು. ಈ ಅನುಭವವು ಅಕ್ಷರಕ್ಕಿಳಿಯಲು 26 ವರ್ಷಗಳು ಹಿಡಿದುವು. ಇದನ್ನು ಅಳೆಯುವ ಮಾಪಕವು ಯಾವ ವಿಮಾನದ ಫಲಕದಲ್ಲಿಯೂ ಇಲ್ಲ.

ಕಾಲವನ್ನು ಕುಗ್ಗಿಸದೆ ಪೂರ್ಣ ಅವಧಿಯನ್ನು ಹಾರಿದರೆ ಈ ಆಕ್ಷೇಪವು ನಿಲ್ಲದೆಂದು ಕೆಲವರು ಹೇಳಬಹುದು. ಅಂಥವರ ನಿಷ್ಠೆಯನ್ನು ನಾವು ಮೆಚ್ಚುತ್ತೇವೆ. ಆದರೂ ಒಂದು ಭೇದವು ಅಳಿಯದು. 1926ರ ಸೆಪ್ಟೆಂಬರಿನಲ್ಲಿ ಇದೇ ಯಾನಕ್ಕೆ ಹೊರಟ ರೆನೆ ಫೋಂಕನ ವಿಮಾನವು ನೆಲ ಬಿಡುವ ಮುನ್ನವೇ ಉರುಳಿ ಇಬ್ಬರು ಸತ್ತರು. ಲಿಂಡ್‌ಬರ್ಗನು ಹೊರಡುವುದಕ್ಕೆ 12 ದಿನಗಳ ಮೊದಲು ಪ್ಯಾರಿಸಿನಿಂದ ಹೊರಟ ನುಂಗೆಸೆರ್ ಮತ್ತು ಕೋಲಿ ಹಿಂತಿರುಗಲೇ ಇಲ್ಲ. ಅವನು ಇದನ್ನೆಲ್ಲ ತಿಳಿದೇ ಹೊರಟನು. ತಾನು ತಲಪುವೆನೆಂಬುದು ಮಾತ್ರ ಅವನಿಗೆ ತಿಳಿದಿರಲಿಲ್ಲ. ನಮಗಾದರೋ ಅವನು ತಲಪಿದನೆಂಬುದು ಮೊದಲೇ ಗೊತ್ತು. ವಿಮಾನವು ಕಡಲಿಗೆ ಬಿದ್ದರೆ ಮತ್ತೆ ಆರಂಭಿಸಬಹುದೆಂಬುದೂ ಗೊತ್ತು. ಹಿಂತೆಗೆಯಲಾಗದ ನಿರ್ಧಾರವೇ ಚರಿತ್ರೆಯ ವಸ್ತು. ಹಿಂತೆಗೆಯಬಹುದಾದ ನಿರ್ಧಾರದಿಂದ ಅದರ ಭಾರವು ತಿಳಿಯದು.

ಹಾಗೆಂದು ಈ ಸಾಧನವನ್ನು ತರಗತಿಯಿಂದ ಹೊರಗಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ವಿದ್ಯಾರ್ಥಿಗಳು ಗತಕಾಲವನ್ನು ಇಂತಹ ತೆರೆಗಳ ಮೇಲೆ ಕಾಣುತ್ತಿರುವಾಗ ಅದನ್ನು ಕಡೆಗಣಿಸುವುದು ವಿವೇಕವೂ ಅಲ್ಲ. ನಕ್ಷೆಯನ್ನು ಮರೆಮಾಡಿ, ಹೊರನೋಟವನ್ನು ತ್ಯಜಿಸಿ, ಕಾಲವನ್ನು ಕುಗ್ಗಿಸದೆ, ಕಡಲಿನ ಮೇಲಣ ಎರಡು ಗಂಟೆಗಳನ್ನಾದರೂ ವಿದ್ಯಾರ್ಥಿಯು ಹಾರಲಿ. ಅನಂತರ 1927ರ ಮತ್ತು 1953ರ ಎರಡು ವೃತ್ತಾಂತಗಳನ್ನೂ ಓದಲಿ. ತೆರೆಯು ಅವನಲ್ಲಿ ಪ್ರಶ್ನೆಗಳನ್ನೆಬ್ಬಿಸಬಲ್ಲದು. ಉತ್ತರಗಳಿಗೆ ಅವನು ಲಿಖಿತ ಆಧಾರಗಳ ಬಳಿಗೇ ಬರಬೇಕು. ಈ ಕ್ರಮವು ತಲೆಕೆಳಗಾದರೆ, ಕಂಡದ್ದನ್ನೇ ನಡೆದದ್ದೆಂದು ನಂಬುವ ತಲೆಮಾರನ್ನು ನಾವೇ ಸಿದ್ಧಗೊಳಿಸಿದಂತಾಗುತ್ತದೆ.